ಅಬೈಡ್ ಅಂದ್ರ ಏನ್ರಿ, ತಮ್ಮಾ?

ಇಂಗ್ಲಿಷಿನ ಒಂದು ಪುಟ್ಟ ಕ್ರಿಯಾಪದ ಒಂದು ಶುಕ್ರವಾರ ಸಂಜೆ ನನ್ನ ಬೆವರಿಳಿಸಿತು. ಕುವೈತಿನಲ್ಲಿ ಬೆವರಿಳಿಯೋಕೆ ಕ್ರಿಯಾಪದ ಯಾಕೆ ಬೇಕು, ಜುಲೈ ತಿಂಗಳು ಸಾಲದಾ ಅಂತ ನೀವು ಕೇಳಬಹುದು. ಸರಿ, ಅದು ಜುಲೈ ತಿಂಗಳೇ. ಆದ್ರೆ ನಾನು ಕೂತಿದ್ದು ಎ.ಸಿ. ರೂಮಿನಲ್ಲಿ :-)

ಏನಾಯ್ತಪ್ಪಾ ಅಂದ್ರೆ, 2024ರ ಜುಲೈಯಲ್ಲಿ ಮಂಗಳೂರು ಕಡೆಯ ಗೆಳೆಯನೊಬ್ಬ ಫೋನ್ ಮಾಡಿದ. ಇಲ್ಲಿನ ಒಂದು ಕಂಟ್ರಾಕ್ಟಿಂಗ್ ಕಂಪನಿಯಲ್ಲಿ ಸೇಫ್ಟಿ ಆಫೀಸರ್ ಅವನು. "ಮಾರಾಯ, ಒಂದು ಉಪಕಾರ ಆಗ್ಬೇಕಿತ್ತು. ನಮ್ಮ ಕ್ಯಾಂಪಿನಲ್ಲಿ ಹನ್ನೊಂದು ಜನ ಕನ್ನಡದವರು ಇದ್ದಾರೆ, ರಾಯಚೂರು, ಕಲಬುರಗಿ ಕಡೆಯವರು. ಅವರು ಸೈನ್ ಹಾಕ್ಲಿಕ್ಕೆ ಒಂದು ರೂಲ್ಸ್ ಪೇಪರ್ ಉಂಟು, ಇಂಗ್ಲಿಷ್ ಮತ್ತೆ ಅರಬ್ಬಿಯಲ್ಲಿ. ನೀನು ಕನ್ನಡ ಮಾಡಿ ಓದಿ ಹೇಳ್ತೀಯಾ? ನಾನು ಹೇಳಿದ್ರೆ ನನ್ನ ಕನ್ನಡ ಅವರಿಗೆ ಅರ್ಥ ಆಗುದಿಲ್ಲ, ಅವರದ್ದು ನನಗೆ!"

ಇದ್ದಕ್ಕಿದ್ದಂತೆ ಈ ಪೇಪರ್ ಯಾಕೆ ಅಂತ ನಾನು ಕೇಳಲಿಲ್ಲ. ಆ ದಿನಗಳಲ್ಲಿ ಕುವೈತಿನಲ್ಲಿ ಯಾರೂ ಕೇಳುತ್ತಿರಲಿಲ್ಲ. ಅದಕ್ಕೆ ಕೆಲವೇ ವಾರ ಮುಂಚೆ, ಜೂನ್ 12ರ ಬೆಳಗಿನ ಜಾವ, ಮಂಗಾಫ್‌ನಲ್ಲಿ ಕಾರ್ಮಿಕರಿದ್ದ ಒಂದು ಬಹುಮಹಡಿ ಕಟ್ಟಡಕ್ಕೆ ಬೆಂಕಿ ಬಿದ್ದಿತ್ತು. ಸುಮಾರು ಐವತ್ತು ಜನ ಹೋದರು. ಅವರಲ್ಲಿ ಬಹುಪಾಲು ಭಾರತೀಯರು, ಕಲಬುರಗಿ ಜಿಲ್ಲೆಯವರೂ ಒಬ್ಬರಿದ್ದರು. ಜೂನ್ 14ರಂದು ನಮ್ಮ ವಾಯುಪಡೆಯ ವಿಮಾನ 45 ಶವಪೆಟ್ಟಿಗೆಗಳನ್ನು ಹೊತ್ತು ಕೊಚ್ಚಿಗೆ ಹೋಯಿತು. ನೆಲಮಹಡಿಯ ಕಾವಲುಗಾರನ ಕೋಣೆಯಲ್ಲಿ ಆದ ಶಾರ್ಟ್ ಸರ್ಕ್ಯೂಟ್‌ನಿಂದ ಬೆಂಕಿ ಶುರುವಾಯ್ತು, ಕೋಣೆಗಳ ನಡುವೆ ಬೇಗ ಹೊತ್ತಿಕೊಳ್ಳುವ ಪಾರ್ಟಿಷನ್ ಇತ್ತು, ಹೆಚ್ಚಿನವರನ್ನು ಕೊಂದಿದ್ದು ಹೊಗೆ ಅಂತ ಪತ್ರಿಕೆಗಳು ಬರೆದವು. ಛಾವಣಿಯ ಬಾಗಿಲಿಗೆ ಬೀಗ ಇತ್ತು ಅಂತಲೂ ಬರೆದವು. ಆಮೇಲೆ ಊರೆಲ್ಲಾ ಕಟ್ಟಡಗಳ ತಪಾಸಣೆ, ನೋಟೀಸು, ಸರ್ಕ್ಯುಲರು. ಗೆಳೆಯನ ಕಂಪನಿಯ ಪೇಪರೂ ಅದೇ ಗಾಳಿಯಲ್ಲಿ ಹಾರಿ ಬಂದದ್ದು.

ನಾನು ತಿಪಟೂರಿನವ, ಓದಿದ್ದು ಇಂಜಿನಿಯರಿಂಗು, ಮಾಡೋದು ಸಾಫ್ಟ್‌ವೇರು. ಭಾಷಾಂತರ ನನ್ನ ಕಸುಬಲ್ಲ. ಆದ್ರೆ ನಮ್ಮನೆ ಷೋಕೇಸಿನಲ್ಲಿ ಜಿ. ವೆಂಕಟಸುಬ್ಬಯ್ಯನವರ ‘ಇಗೋ ಕನ್ನಡ’ ಇತ್ತು, ಅಪ್ಪ ಅದನ್ನ ಜೋರಾಗಿ ಓದಿ ಹೇಳ್ತಿದ್ದರು. ಆ ಧೈರ್ಯದ ಮೇಲೆ ಒಪ್ಪಿಕೊಂಡೆ. ಎರಡು ಪುಟ, ಹದಿನಾಲ್ಕು ನಿಯಮ. ಮೊದಲ ಸಾಲಿನಲ್ಲೇ ಇತ್ತು ‘ಷಲ್ ಅಬೈಡ್ ಬೈ’. ಹಿಂದೆ ಮುಂದೆ ನೋಡದೆ ಟೈಪ್ ಮಾಡಿದೆ: "ನಿವಾಸಿಗಳು ಈ ಕೆಳಕಂಡ ನಿಯಮಗಳಿಗೆ ಬದ್ಧರಾಗಿರತಕ್ಕದ್ದು." ನಮ್ಮ ತಾಲ್ಲೂಕು ಕಚೇರಿ ನೋಟೀಸ್ ಬೋರ್ಡಿನ ಗತ್ತು ಬಂದಿತ್ತು ವಾಕ್ಯಕ್ಕೆ. ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಶುಕ್ರವಾರ ಸಾಲ್ಮಿಯಾದಿಂದ ಹೊರಟು, ಫಹಾಹೀಲ್ ಹೈವೇ ಹಿಡಿದು, ಮಹಬೂಲಾದಲ್ಲಿದ್ದ ಅವರ ಕಟ್ಟಡ ತಲುಪಿದೆ. ಮೂರನೇ ಮಹಡಿಯ ರೂಮಿನಲ್ಲಿ ಹನ್ನೊಂದು ಜನ ಮಂಚಗಳ ಮೇಲೆ, ನೆಲದ ಮೇಲೆ ಕೂತಿದ್ದರು. ಚಹಾ ಬಂತು, ಜೊತೆಗೆ ಊರಿಂದ ಬಂದ ಶೇಂಗಾ ಹೋಳಿಗೆ. ನಾನು ಗಂಟಲು ಸರಿ ಮಾಡಿಕೊಂಡು ಮೊದಲ ವಾಕ್ಯ ಓದಿದೆ.

ಅವರಲ್ಲೆಲ್ಲ ಹಿರಿಯರು ಸಿಂಧನೂರು ಕಡೆಯವರು, ಎಲ್ಲರೂ ಅವರನ್ನ ಕಾಕಾ ಅಂತಿದ್ದರು. ಕೈ ಎತ್ತಿದರು.

"ಒಂದ್ ನಿಮಿಷ ತಮ್ಮಾ. ಬದ್ಧ ಅಂದ್ರ ಏನ್ರಿ? ಕಟ್ಟಿ ಹಾಕ್ತಾರೇನು?"

ಎಲ್ಲರೂ ನಕ್ಕರು. ನಾನೂ ನಕ್ಕೆ. ಆದ್ರೆ ಕಾಕಾ ಹೇಳಿದ್ದು ನೂರಕ್ಕೆ ನೂರು ಸರಿ. ಬದ್ಧ ಅನ್ನೋ ಸಂಸ್ಕೃತ ಪದದ ಅರ್ಥವೇ ಕಟ್ಟಲ್ಪಟ್ಟದ್ದು. ಬಂಧನದ ಬಂಧು ಅದು.

"ಹಂಗಲ್ಲ ಕಾಕಾ, ನಿಯಮಗಳನ್ನ ಅನುಸರಿಸಬೇಕು ಅಂತ."

"ಅಂದ್ರ ಬೆನ್ನ ಹಿಂದ ಹೋಗಾದು."

"ವಿಧೇಯರಾಗಿರಬೇಕು ಅಂತ..."

"ಅದು ಸಾಲ್ಯಾಗ ರಜಾ ಚೀಟಿಗೆ ಬರೀತಿದ್ವಲ್ರಿ, ತಮ್ಮ ವಿಧೇಯ ವಿದ್ಯಾರ್ಥಿ ಅಂತ!" ಮತ್ತೆ ನಗು.

"ಪಾಲಿಸಬೇಕು ಅಂತ ಇಟ್ಕೊಳ್ಳಿ."

"ಹಾಂ, ಪಾಲಸೋದು ಗೊತ್ತೈತಿ. ಪಾಲಸೋದಂದ್ರ ಕಾಯೋದು." ಸ್ವಲ್ಪ ಯೋಚಿಸಿ ಕೇಳಿದರು, "ಇಂಗ್ಲಿಷ್‌ನ್ಯಾಗ ಏನ್ ಬರದಾರ?"

"ಅಬೈಡ್."

"ಅಬೈಡ್ ಅಂದ್ರ ಏನ್ರಿ, ತಮ್ಮಾ?"

ದಿನಕ್ಕೆ ನಲವತ್ತು ಇಂಗ್ಲಿಷ್ ಈಮೇಲ್ ಬರೆಯೋ ನನಗೆ ಉತ್ತರ ಬರಲಿಲ್ಲ. ಬೆವರಿಳಿದಿದ್ದು ಆಗಲೇ.

ಇಲ್ಲಿ ಕಥೆ ಸ್ವಲ್ಪ ನಿಲ್ಲಿಸಿ, ಆ ರಾತ್ರಿ ಮನೆಗೆ ಬಂದು ನಿಘಂಟುಗಳನ್ನು ತಿರುವಿದಾಗ ಸಿಕ್ಕಿದ್ದನ್ನು ಹೇಳಿಬಿಡ್ತೀನಿ. ಇಲ್ಲಾಂದ್ರೆ ಮುಂದಿನದ್ದು ಪೂರ್ತಿ ಅರ್ಥ ಆಗೋಲ್ಲ.

ನಿಯಮದ ವಿಚಾರಕ್ಕೆ ಇಂಗ್ಲಿಷಿನಲ್ಲಿ ಒಂದಲ್ಲ, ಹಲವು ಕ್ರಿಯಾಪದ. ಮೊದಲನೆಯದು ‘ಒಬೇ’. ಇದರ ಮೂಲ ಲ್ಯಾಟಿನ್ನಿನಲ್ಲಿ ‘ಕೇಳಿಸಿಕೊಳ್ಳು’ ಅನ್ನೋ ಪದ. ಆಡಿಯೋ ಅಂತೀವಲ್ಲ, ಅದೇ ವಂಶ. ನಮ್ಮಮ್ಮ "ಹೇಳಿದ್ ಮಾತು ಕೇಳೋ" ಅಂತ ಬೈತಿದ್ದಳಲ್ಲ, ಅವಳೇನು ನನ್ನ ಕಿವಿ ಪರೀಕ್ಷೆ ಮಾಡ್ತಿರಲಿಲ್ಲ! ಕನ್ನಡದಲ್ಲೂ ಕೇಳೋದು ಅಂದ್ರೆ ಹೇಳಿದಂತೆ ಮಾಡೋದು. ಈ ಪದಕ್ಕೆ ಹೇಳುವವರೊಬ್ಬರು ಬೇಕು. ಅಪ್ಪನನ್ನು, ಸೇನಾಧಿಕಾರಿಯನ್ನು, ಅವರ ಆಜ್ಞೆಯನ್ನು ಒಬೇ ಮಾಡಬಹುದು.

ಎರಡನೆಯದು ‘ಕಂಪ್ಲೈ’. ಇದರ ಮೂಲ ‘ತುಂಬು’ ಅನ್ನೋ ಲ್ಯಾಟಿನ್ ಪದ. ನಮ್ಮ ಆಫೀಸಿನಲ್ಲಿ ಕಂಪ್ಲಯನ್ಸ್ ಅಂದ್ರೆ ಫಾರ್ಮ್ ತುಂಬೋದೇ ಆಗಿರೋದು ಸುಮ್ಮನೆ ಅಲ್ಲ ನೋಡಿ :-) ಇದಕ್ಕೆ ಒಪ್ಪಿಗೆ ಬೇಕಿಲ್ಲ, ಅಳತೆಗೆ ಸರಿಯಾಗಿದ್ರೆ ಸಾಕು. ಅದಕ್ಕೇ ಯಂತ್ರಗಳೂ ಕಂಪ್ಲೈ ಆಗ್ತವೆ. ಇಂಟರ್‌ನೆಟ್ ಕಟ್ಟಿದವರು 1997ರಲ್ಲಿ ಆರ್‌ಎಫ್‌ಸಿ 2119 ಅಂತ ಒಂದು ಪುಟ್ಟ ದಾಖಲೆ ಬರೆದಿಟ್ಟರು. ‘ಮಸ್ಟ್’, ‘ಷಲ್’ ಅಂದ್ರೆ ಮಾಡಲೇಬೇಕು, ‘ಶುಡ್’ ಅಂದ್ರೆ ತಕ್ಕ ಕಾರಣ ಇದ್ರೆ ಬಿಡಬಹುದು, ‘ಮೇ’ ಅಂದ್ರೆ ಮಾಡಿದರೂ ಸರಿ ಬಿಟ್ಟರೂ ಸರಿ. ಇವತ್ತಿಗೂ ನಾವು ಪ್ರೋಗ್ರಾಂ ಬರೆಯುವಾಗ ಅದನ್ನೇ ನೋಡೋದು. ಸರ್ವರ್ ಯಾವತ್ತೂ "ಮಸ್ಟ್ ಅಂದ್ರ ಏನ್ರಿ?" ಅಂತ ಕೇಳಿಲ್ಲ.

ಮೂರನೆಯದು ‘ಅಬ್ಸರ್ವ್’. ನೋಡು ಅನ್ನೋ ಅರ್ಥ ಎಲ್ಲರಿಗೂ ಗೊತ್ತು. ನಿಯಮವನ್ನು, ಉಪವಾಸವನ್ನು, ಮೌನವನ್ನು ಅಬ್ಸರ್ವ್ ಮಾಡೋದೂ ಉಂಟು. ಅದರ ಮೂಲದಲ್ಲಿರೋದು ‘ಕಾಯು, ಕಾಪಾಡು’. ಥೇಟ್ ನಮ್ಮ ‘ಪಾಲಿಸು’! ಗೋಪಾಲ ಹಸು ಕಾಯ್ತಾನೆ, ನಾವು ನಿಯಮ ಪಾಲಿಸ್ತೀವಿ.

ಇನ್ನು ನಮ್ಮ ‘ಅಬೈಡ್’. ಹಳೆಯ ಇಂಗ್ಲಿಷಿನಲ್ಲಿ ಇದರ ಅರ್ಥ ಕಾದಿರು, ಉಳಿ, ನೆಲೆಸು. ಮನೆ ಅನ್ನೋ ಅರ್ಥದ ‘ಅಬೋಡ್’ ಇದರ ಕೂಸು. ದೆಹಲಿಯ ಬೀಟಿಂಗ್ ರಿಟ್ರೀಟ್‌ನಲ್ಲಿ ‘ಅಬೈಡ್ ವಿತ್ ಮಿ’ ಅನ್ನೋ ರಾಗ ನುಡಿಸುತ್ತಿದ್ದರು ನೆನಪಿದೆಯಾ? ಗಾಂಧೀಜಿಗೆ ಪ್ರಿಯವಾಗಿದ್ದ ಆ ಪ್ರಾರ್ಥನೆಯನ್ನು 2022ರಲ್ಲಿ ಕೈಬಿಟ್ಟರು. ಅಲ್ಲಿನ ಅಬೈಡ್‌ಗೂ ನಿಯಮಕ್ಕೂ ಸಂಬಂಧ ಇಲ್ಲ, ನನ್ನ ಜೊತೆ ಇರು ಅಂತ ಅಷ್ಟೇ. ‘ಕಾಂಟ್ ಅಬೈಡ್’ ಅಂದ್ರೆ ಸಹಿಸಲಾರೆ ಅಂತ. ಕಾಯೋದು, ಸಹಿಸೋದು, ನೆಲೆಸೋದು, ಮೂರೂ ಒಂದೇ ಪದದಲ್ಲಿ. ಕನ್ನಡದಲ್ಲಿ ಇಂಥದ್ದೊಂದು ಇದೆಯಾ ಅಂತ ಯೋಚಿಸುತ್ತಾ ಮಲಗಿದವನು ಧಡಕ್ಕನೆ ಎದ್ದು ಕೂತೆ. ತಾಳು! "ಸ್ವಲ್ಪ ತಾಳಪ್ಪ" ಅಂದ್ರೆ ಕಾಯಿ. "ತಾಳಲಾರೆ" ಅಂದ್ರೆ ಸಹಿಸಲಾರೆ. ತಾಳಿದವನು ಬಾಳಿಯಾನು, ಅಲ್ಲಿಗೆ ನೆಲೆಸೋದೂ ಬಂತು.

ಈ ‘ಅಬೈಡ್’ ಪಕ್ಕ ‘ಬೈ’ ಸೇರಿದರೆ ನಿಯಮದ, ಒಪ್ಪಂದದ, ತೀರ್ಪಿನ ಬಳಿ ನಿಲ್ಲು, ಬಿಟ್ಟು ಹೋಗಬೇಡ ಅಂತ. (ಇನ್ನೊಂದು ಮಾತು, ಈಮೇಲ್ ಬರೆಯುವವರಿಗೆ: ಅಬೈಡ್ ‘ಬೈ’, ಕಂಪ್ಲೈ ‘ವಿತ್’, ಅಡ್‌ಹಿಯರ್ ‘ಟು’, ಒಬೇಗೆ ಏನೂ ಬೇಡ. ನಮ್ಮ ಆಫೀಸಿನಲ್ಲಿ ಹತ್ತಕ್ಕೆ ಆರು ಜನ ‘ಕಂಪ್ಲೈ ಟು’ ಅಂತಾರೆ, ನಾನೂ ಅಂತಿದ್ದೆ.) ಅಬೈಡ್ ಬೈ ಅನ್ನುವಾಗ ನಾವು ಒಬ್ಬ ಮನುಷ್ಯನಿಗೆ ತಲೆಬಾಗುತ್ತಿಲ್ಲ. ಗಲ್ಲಿ ಕ್ರಿಕೆಟ್ಟಿನಲ್ಲಿ ಅಂಪೈರ್ ಔಟ್ ಕೊಟ್ಟಾಗ, ಅನ್ಯಾಯ ಅನ್ನಿಸಿದರೂ ಬ್ಯಾಟು ಕಂಕುಳಲ್ಲಿಟ್ಟು ನಡೀತೀವಲ್ಲ, ಅದು. ಪಂಚಾಯ್ತಿಯಲ್ಲಿ "ಪಂಚರು ಹೇಳಿದ್ದಕ್ಕೆ ಕಟ್ಟುಬೀಳ್ತೀನಿ" ಅಂತಾರಲ್ಲ, ಅದು. ಆಟ ಆಡಲು ನಾನೇ ಒಪ್ಪಿ ಬಂದಿದ್ದೀನಿ ಅನ್ನೋ ಭಾವ ಇದೆ ಅದರಲ್ಲಿ.

ಕುವೈತಿನಲ್ಲಿ ಎಲ್ಲ ಬಗೆಯದ್ದೂ ದಿನಾ ಮಾಡ್ತೀವಿ. ರಾತ್ರಿ ಎರಡು ಗಂಟೆಗೆ ಖಾಲಿ ಸಿಗ್ನಲ್‌ನಲ್ಲಿ ಕೆಂಪು ದೀಪಕ್ಕೆ ನಿಲ್ತೀನಲ್ಲ, ಅದು ನನ್ನ ಸದ್ಗುಣ ಅಲ್ಲ, ಕ್ಯಾಮೆರಾ. 2025ರ ಏಪ್ರಿಲ್ 22ಕ್ಕೆ ಹೊಸ ಟ್ರಾಫಿಕ್ ಕಾನೂನು ಬಂದು, ಕೆಂಪು ದೀಪ ದಾಟಿದರೆ 50 ದಿನಾರ್ ಇದ್ದ ದಂಡ 150 ಆಯ್ತು. ಗಾಡಿ ಓಡಿಸುವಾಗ ಕೈಯಲ್ಲಿ ಫೋನ್ ಹಿಡಿದರೆ 5 ಇದ್ದದ್ದು 75. ಮರುದಿನದಿಂದ ನಮ್ಮ ಕೈಗಳೆಲ್ಲ ಸ್ಟೇರಿಂಗಿಗೆ ಅಂಟಿಕೊಂಡವು. ಇದು ಒಬೇ.

ಇನ್ನೊಂದಿದೆ. 1968ರ 44ನೇ ಕಾನೂನಿನ ಪ್ರಕಾರ ರಂಜಾನ್ ಹಗಲಿನಲ್ಲಿ ಹೊರಗೆ ಸಾರ್ವಜನಿಕವಾಗಿ ಯಾರೂ ಏನೂ ತಿನ್ನುವಂತಿಲ್ಲ, ಕುಡಿಯುವಂತಿಲ್ಲ. ನೂರು ದಿನಾರ್‌ವರೆಗೆ ದಂಡ, ಒಂದು ತಿಂಗಳವರೆಗೆ ಜೈಲೂ ಆಗಬಹುದು. ಮೊದಲ ವರ್ಷ ನಾನು ಕಳ್ಳನ ಹಾಗೆ ಆಫೀಸಿನ ಮೆಟ್ಟಿಲ ಕೆಳಗೆ ನಿಂತು ನೀರು ಕುಡಿದೆ, ಗೊಣಗುತ್ತಾ. ಪಕ್ಕದ ಸೀಟಿನ ಈಜಿಪ್ಟಿನವನು ಮಧ್ಯಾಹ್ನ ಮೂರಕ್ಕೆ ತುಟಿ ಒಣಗಿಸಿಕೊಂಡು ನನ್ನ ಕೋಡಿನ ತಪ್ಪು ಹುಡುಕಿ ಕೊಡ್ತಿದ್ದ. ಎರಡನೇ ವರ್ಷ ಗೊಣಗಾಟ ನಿಂತಿತು. ಕಾನೂನು ಅದೇ, ದಂಡ ಅದೇ. ನಾನು ಒಬೇಯಿಂದ ಅಬೈಡ್‌ಗೆ ಜಾಗ ಬದಲಿಸಿದ್ದೆ, ಅಷ್ಟೇ.

ಸರಿ, ಈಗ ಮಹಬೂಲಾದ ಆ ರೂಮಿಗೆ ವಾಪಸ್ ಬನ್ನಿ.

ಇದೆಲ್ಲ ಆಗ ನನಗೆ ಗೊತ್ತಿರಲಿಲ್ಲವಲ್ಲ, "ಒಪ್ಪಿಕೊಂಡು ಅದರಂತೆ ನಡೀಬೇಕು ಅಂತ ಕಾಕಾ" ಅಂದೆ. "ಹಂಗ ಹೇಳ್ರಿ ಮತ್ತ" ಅಂದರು. ಒಂದೊಂದೇ ಓದಿದೆ. ಕೋಣೆಯೊಳಗೆ ಅಡುಗೆ ಮಾಡಬಾರದು. ಸರಿ. ವರಾಂಡದಲ್ಲಿ ಗ್ಯಾಸ್ ಸಿಲಿಂಡರ್ ಇಡಬಾರದು. ಸರಿ. ಮೆಟ್ಟಿಲ ಮೇಲೆ ಪೆಟ್ಟಿಗೆ, ಚಪ್ಪಲಿ ಸ್ಟ್ಯಾಂಡು ಇಡಬಾರದು. ಒಂದು ಸಾಕೆಟ್‌ಗೆ ನಾಲ್ಕು ಪ್ಲಗ್ ಸಿಕ್ಕಿಸಬಾರದು. ಎಲ್ಲರೂ ಮೂಲೆಯಲ್ಲಿದ್ದ ಸಾಕೆಟ್ ಕಡೆ ನೋಡಿದರು, ಒಬ್ಬ ಹುಡುಗ ನಾಚಿಕೊಂಡು ಎರಡು ಪ್ಲಗ್ ಕಿತ್ತ.

ಒಂಬತ್ತನೆಯದು: ಛಾವಣಿಯ ಬಾಗಿಲಿಗೆ ಸದಾ ಬೀಗ ಹಾಕಿರುತ್ತದೆ, ನಿವಾಸಿಗಳು ಛಾವಣಿಗೆ ಹೋಗುವಂತಿಲ್ಲ.

ಓದಿ ಹತ್ತನೆಯದಕ್ಕೆ ಹೋಗಿಬಿಟ್ಟೆ. ನಿಜ ಹೇಳ್ತೀನಿ, ಮನೆಯಲ್ಲಿ ಕೂತು ಅದನ್ನ ಕನ್ನಡ ಮಾಡಿದವನು ನಾನೇ, ಆದ್ರೂ ಏನೂ ಅನ್ನಿಸಿರಲಿಲ್ಲ. ನನಗೆ ಅದು ಬರೀ ವಾಕ್ಯ.

"ತಮ್ಮಾ, ಒಂಬತ್ತು ಇನ್ನೊಮ್ಮೆ ಓದ್ರಿ."

ಓದಿದೆ. ರೂಮಿನಲ್ಲಿ ಎ.ಸಿ. ಸದ್ದು ಬಿಟ್ಟರೆ ಏನೂ ಇಲ್ಲ.

"ಕೆಳಗ ಬೆಂಕಿ ಹತ್ತಿದ್ರ ನಾವು ಎಲ್ಲಿ ಹೋಗಾದು?"

ನಾನು ಗೆಳೆಯನ ಮುಖ ನೋಡಿದೆ. ಅವನು ನೆಲ ನೋಡುತ್ತಿದ್ದ. ಛಾವಣಿಯಲ್ಲಿ ಯಾರೋ ಒಲೆ ಹೂಡಿದ್ದರು, ಆಮೇಲಿಂದ ಬೀಗ ಅಂತ ಮೆಲ್ಲಗೆ ವಿವರಿಸಿದ.

ಕಾಕಾಗೆ ಸಿಟ್ಟೇನೂ ಬರಲಿಲ್ಲ. "ನೋಡ್ರಿ ಸರ್ರ, ಬ್ಯಾಸಗ್ಯಾಗ ಮಧ್ಯಾಹ್ನ ಹನ್ನೊಂದರಿಂದ ನಾಲ್ಕರ ತನಕ ಬಿಸಲಾಗ ಕೆಲಸ ಮಾಡಸಬಾರದು ಅಂತ ಇಲ್ಲಿ ಸರ್ಕಾರದ ರೂಲ್ ಐತಿ. ಜೂನ್, ಜುಲೈ, ಆಗಸ್ಟ್ ಮೂರ್ ತಿಂಗಳು. ಅದು ಚಲೋ ರೂಲ್. ಅದನ್ನ ನಾವು ಪಾಲಸ್ತೀವಿ, ಅದೂ ನಮ್ಮನ್ನ ಪಾಲಸ್ತೈತಿ. ಈ ಸಿಲಿಂಡರ್, ಪ್ಲಗ್, ಎಲ್ಲಾ ಬರೋಬ್ಬರಿ. ಆದ್ರ ಒಂಬತ್ತು ಯಾರನ್ನ ಕಾಯ್ತೈತ್ರಿ? ಅದನ್ನ ಒಪ್ಪಿ ನಡೀತೀನಿ ಅಂತ ನಾ ಸೈನ್ ಹಾಕಂಗಿಲ್ಲ. ಬೀಗ ಹಾಕ್ರಿ, ನಿಮ್ಮ ಬಿಲ್ಡಿಂಗು. ನಾ ಒಪ್ಪೇನಿ ಅಂತ ಮಾತ್ರ ಬರೀಬ್ಯಾಡ್ರಿ."

ಕಂಪ್ಲೈಗೂ ಅಬೈಡ್‌ಗೂ ಇರೋ ವ್ಯತ್ಯಾಸವನ್ನು ಇದಕ್ಕಿಂತ ಚೆನ್ನಾಗಿ ಯಾವ ನಿಘಂಟೂ ನನಗೆ ಹೇಳಿಲ್ಲ.

ಹನ್ನೊಂದರಲ್ಲಿ ನಾಲ್ಕು ಜನ ಅವತ್ತೇ ಸೈನ್ ಹಾಕಿದರು. ಅವರ ಇಕಾಮಾ ರಿನ್ಯೂವಲ್ ಹತ್ತಿರ ಇತ್ತು. ಗಲ್ಫಿನಲ್ಲಿ ಇರುವವರಿಗೆ ಇಕಾಮಾ ಅಂದ್ರೆ ಏನು ಅಂತ ಹೇಳಬೇಕಿಲ್ಲ. ಉಳಿದವರಿಗೆ: ಅದು ಇಲ್ಲಿ ವಾಸಿಸಲು ಬೇಕಾದ ಪರವಾನಗಿ. ಅರಬ್ಬಿಯಲ್ಲಿ ಆ ಪದದ ಅರ್ಥ ನೆಲೆಸುವುದು, ಉಳಿಯುವುದು. ಅಂದ್ರೆ ಅಬೈಡ್‌ನ ಹಳೆಯ ಅರ್ಥವೇ! ಉಳಿಯಬೇಕಾದರೆ ಒಪ್ಪಬೇಕು ಅನ್ನೋದು ಆ ನಾಲ್ಕು ಜನಕ್ಕೆ ಯಾವ ವ್ಯುತ್ಪತ್ತಿಯೂ ಇಲ್ಲದೆ ಗೊತ್ತಿತ್ತು. ಊರಲ್ಲಿ ಸಾಲ ಇರೋರು, ಮಗಳ ಮದುವೆ ಇರೋರು. ಅವರನ್ನ ತಪ್ಪು ಅನ್ನೋ ಯೋಗ್ಯತೆ ನನಗಿಲ್ಲ.

ಉಳಿದ ಏಳು ಜನ ಕಾಕಾ ಜೊತೆ ನಿಂತರು. ಆ ರಾತ್ರಿ ನಾನೂ ಗೆಳೆಯನೂ ಸೇರಿ ಕಂಪನಿಗೆ ಮೇಲ್ ಬರೆದೆವು. ಹದಿಮೂರು ನಿಯಮಗಳಿಗೆ ಇವರು ಅಬೈಡ್ ಆಗ್ತಾರೆ, ಒಂಬತ್ತನೆಯದರ ಬದಲು ಒಳಗಿನಿಂದ ತಳ್ಳಿದರೆ ತೆರೆದುಕೊಳ್ಳುವ ಬಾಗಿಲು ಹಾಕಿಸಿ ಅಂತ. ಗೆಳೆಯನಿಗೆ ಮ್ಯಾನೇಜರಿಂದ ಮಂಗಳಾರತಿ ಆಯ್ತು. "ಟ್ರಾನ್ಸ್‌ಲೇಟ್ ಮಾಡ್ಲಿಕ್ಕೆ ಹೇಳಿದ್ರೆ ಯೂನಿಯನ್ ಕಟ್ಟಿದ್ರಾ?" ಅಂತ. ಎರಡು ವಾರ ಸುದ್ದಿ ಇಲ್ಲ. ಆಗಸ್ಟ್ ಕೊನೆಗೆ ಫೋನ್ ಬಂತು: "ಮಾರಾಯ, ಬಾಗಿಲು ಹಾಕಿದ್ರು! ತಳ್ಳುವ ಬಾಗಿಲೇ!" ಪೇಪರ್ ಬದಲಾಯ್ತಾ ಅಂತ ಕೇಳಿದೆ. ಇಲ್ಲವಂತೆ. ಒಂಬತ್ತನೇ ನಿಯಮದ ಮೇಲೆ ಬಿಳಿ ಶಾಯಿ ಬಳಿದು ಜೆರಾಕ್ಸ್ ಮಾಡಿದ್ದಾರಂತೆ. ಎಂಟಾದ ಮೇಲೆ ಹತ್ತು. ಕಾಕಾ ಸೈನ್ ಹಾಕಿದರು.

ಕಥೆ ಇಲ್ಲಿಗೆ ಮುಗಿದಿದ್ದರೆ ನಾನು ಹೀರೋ ಥರ ಮಲಗಬಹುದಿತ್ತು. ಆದ್ರೆ ಆ ಮೇಲ್ ಕಳಿಸಿದ ರಾತ್ರಿಯೇ ಒಂದು ಹುಳ ತಲೆ ಕೊರೆಯೋಕೆ ಶುರುಮಾಡಿತು. ನನ್ನ ಕಟ್ಟಡದ ಛಾವಣಿ? ಸಾಲ್ಮಿಯಾದ ಈ ಫ್ಲ್ಯಾಟಿಗೆ ಬಂದು ಮೂರು ವರ್ಷ. ಬಾಡಿಗೆ ಕರಾರಿನಲ್ಲಿ ‘ಷಲ್ ಅಬೈಡ್ ಬೈ’ ಅಂತ ನಾನೂ ಸೈನ್ ಹಾಕಿದ್ದೆ, ಓದದೆ. ಚಪ್ಪಲಿ ಮೆಟ್ಟಿಕೊಂಡು ಒಂಬತ್ತು ಮಹಡಿ ಹತ್ತಿದೆ. ಛಾವಣಿಯ ಬಾಗಿಲಿಗೆ ನನ್ನ ಮುಷ್ಟಿಯಷ್ಟು ದಪ್ಪದ ಬೀಗ. ಅದರ ಮುಂದೆ ಯಾರದೋ ಹಳೇ ಸೋಫಾ.

ಸಿಂಧನೂರಿನ ಕಾಕಾ ಒಂದೇ ಸಲ ಕೇಳಿಸಿಕೊಂಡು ಹಿಡಿದದ್ದನ್ನು, ಇಂಜಿನಿಯರಿಂಗ್ ಓದಿದ ನಾನು ಮೂರು ವರ್ಷ ನೋಡಿರಲಿಲ್ಲ.

ಮರುದಿನ ನಮ್ಮ ಕಟ್ಟಡದ ಹಾರಿಸ್ ಹತ್ತಿರ ಹೋದೆ. ಹಾರಿಸ್ ಅಂದ್ರೆ ಅರಬ್ಬಿಯಲ್ಲಿ ಕಾವಲುಗಾರ, ಕಾಯುವವನು. ಕಾಕಾ ಭಾಷೆಯಲ್ಲಿ ಹೇಳೋದಾದ್ರೆ, ಪಾಲಿಸುವವನು. ಬೀಗ ತೆಗೀರಿ ಅಂದೆ. ಮಾಲೀಕರನ್ನ ಕೇಳಬೇಕು ಅಂದ. ಮಾಲೀಕರು ನಾಳೆ ಅಂದರು. ನಾಳೆಗಳು ಸುಮಾರು ಆದವು. ಪಕ್ಕದ ಫ್ಲ್ಯಾಟಿನ ಕೇರಳದ ನರ್ಸ್ ಚೇಚಿ, ಮೇಲಿನ ಮಹಡಿಯ ಸಿರಿಯಾದ ಮೇಷ್ಟ್ರು, ಇವರನ್ನೆಲ್ಲ ಸೇರಿಸಿಕೊಂಡು ಹೋದ ಮೇಲೆ ಸೋಫಾ ಹೋಯ್ತು, ಬೀಗ ಹೋಯ್ತು, ಒಳಗಿಂದ ತೆಗೆಯೋ ಚಿಲಕ ಬಂತು.

ಈಗ ಯಾರಾದರೂ ನನ್ನ ಮುಂದೆ ಸೈನ್ ಮಾಡೋಕೆ ಪೇಪರ್ ಇಟ್ಟರೆ ಅಬೈಡ್ ಎಲ್ಲಿದೆ ಅಂತ ಮೊದಲು ಹುಡುಕ್ತೀನಿ. ಆಮೇಲೆ ಅದರ ಕೆಳಗಿರೋದು ಯಾರನ್ನ ಕಾಯುತ್ತೆ ಅಂತ. ಸ್ವಲ್ಪ ಹೊತ್ತು ಹಿಡಿಯುತ್ತೆ, ಎದುರಿಗಿರೋರು ಗಡಿಯಾರ ನೋಡ್ತಾರೆ. ತಾಳಲಿ ಬಿಡಿ.

ವಾರಕ್ಕೊಮ್ಮೆ, ಶುಕ್ರವಾರ, ಮೆಟ್ಟಿಲು ಹತ್ತಿ ಛಾವಣಿಯ ಬಾಗಿಲು ತಳ್ಳಿ ನೋಡಿ ಬರ್ತೀನಿ. ಹೋದ ವಾರವೂ ತೆರೆದುಕೊಂಡಿತು.

ನಿಮ್ಮ ಕಟ್ಟಡದ್ದು ಹೇಗಿದೆ? ಒಮ್ಮೆ ಹತ್ತಿ ನೋಡಿ.